ಅಕ್ಷರ ಚೆನ್ನಾಗಿದೆ, ನೀನೇ ಬರಿ

ಮೂರನೇ ಸೆಮಿಸ್ಟರಿನ ಮಷೀನ್ ಶಾಪ್ ಪರೀಕ್ಷೆ. ಬೇರೆ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಎಕ್ಸಾಮಿನರ್ ಕಾಫಿ ಮುಗಿಸಿ, ಡ್ರಾಯಿಂಗ್ ಚೀಟಿಗಳನ್ನು ಮೇಜಿನ ಮೇಲೆ ಹರಡಿದ್ದರು. ಒಬ್ಬೊಬ್ಬರೇ ಬಂದು ಚೀಟಿ ಎತ್ತಿ, ಒಂದು ಎಂಎಸ್ (ಮೈಲ್ಡ್ ಸ್ಟೀಲ್) ರಾಡ್ ತೆಗೆದುಕೊಂಡು ತಮ್ಮ ಲೇತಿನ ಕಡೆ ಹೋಗಬೇಕು. ಮೂರು ಗಂಟೆ ಟೈಮು. ಸ್ಟೆಪ್ ಟರ್ನಿಂಗ್, ಟೇಪರ್, ನರ್ಲಿಂಗ್, ಥ್ರೆಡ್ ಎಲ್ಲ ಮುಗಿಸಿ ಜಾಬ್ ಒಪ್ಪಿಸಬೇಕು.

ನಾಲ್ಕನೇ ಲೇತಿನ ಮುಂದೆ ನಿಂತಿದ್ದ ಹುಡುಗಿ ರಾಡನ್ನು ಚಕ್ಕಿನಲ್ಲಿ ಇಟ್ಟಳು. ಕೀ ಹಾಕಿ ಬಿಗಿ ಮಾಡಿದಳು. ಯಾಕೋ ಅನುಮಾನ ಬಂದು ಇನ್ನೊಮ್ಮೆ ಬಿಗಿ ಮಾಡಿದಳು. ಆಮೇಲೆ ಅವಳ ಬಲಗೈ ಸ್ಟಾರ್ಟ್ ಲಿವರ್ ಕಡೆ ಹೋಯಿತು. ಚಕ್ ಕೀ ಇನ್ನೂ ಚಕ್ಕಿನಲ್ಲೇ ಇತ್ತು.

ಲೇತ್ ನೋಡದವರಿಗೆ ಇದು ಏನು ಅಂತ ಹೇಳಬೇಕು. ಲೇತ್ ಅಂದರೆ ರಾಡನ್ನು ಗಿರ್ರನೆ ತಿರುಗಿಸುತ್ತಾ ಟೂಲಿನಿಂದ ಕೊರೆಯುವ ಮಷೀನು, ಚಕ್ ಅಂದರೆ ರಾಡನ್ನು ಹಿಡಿದುಕೊಂಡು ತಿರುಗುವ ಅದರ ಭಾಗ. ಚಕ್ ಕೀ ಅಂದರೆ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಕಬ್ಬಿಣದ ಕೈ. ಕೈಯಲ್ಲಿ ಹಿಡಿದರೆ ಒಳ್ಳೇ ತೂಕ. ಅದು ಸಿಕ್ಕಿಕೊಂಡಿರುವಾಗ ಮಷೀನ್ ತಿರುಗಿದರೆ ಕವಣೆ ಕಲ್ಲಿನ ಹಾಗೆ ಹಾರುತ್ತದೆ. ಎದೆಗೆ ಬಡಿಯುತ್ತದೋ, ಹಣೆಗೆ ಬಡಿಯುತ್ತದೋ ಹೇಳಲಾಗದು. ನಮ್ಮ ಇನ್‌ಸ್ಟ್ರಕ್ಟರ್ "ಏಯ್ ಏಯ್, ಕೈ ತೆಗಿಯಮ್ಮಾ" ಎಂದು ಕೂಗುತ್ತಲೇ ಓಡಿ ಸ್ವಿಚ್ ಆಫ್ ಮಾಡಿದರು. ಏನೂ ಆಗಲಿಲ್ಲ. ಆ ಹುಡುಗಿ ಮಾತ್ರ ಸುಮಾರು ಹೊತ್ತು ನಡುಗುತ್ತಾ ನಿಂತಿದ್ದಳು.

ಮಧ್ಯಾಹ್ನ ವೈವಾ ಹೊತ್ತಿಗೆ ಅವಳ ಲ್ಯಾಬ್ ರೆಕಾರ್ಡ್ ಪುಸ್ತಕ ನನ್ನ ಕೈಗೆ ಬಂತು. ಮುತ್ತು ಪೋಣಿಸಿದ ಹಾಗೆ ಅಕ್ಷರ. ಲೇತಿನ ಪಾಠದ ಕೊನೆಗೆ 'ಮುನ್ನೆಚ್ಚರಿಕೆಗಳು' ಅಂತ ಒಂದು ಭಾಗ ಇರುತ್ತದೆ. ಮೊದಲನೇ ಸಾಲೇ ಅದು: ಮಷೀನ್ ಶುರು ಮಾಡುವ ಮೊದಲು ಚಕ್ ಕೀ ತೆಗೆಯಬೇಕು. ಕೆಂಪು ಪೆನ್ನಿನಲ್ಲಿ ಅಡಿಗೆರೆ ಬೇರೆ.

ಕೇಳಿದೆ, "ಏನಮ್ಮಾ, ಇಷ್ಟು ಚೆನ್ನಾಗಿ ಬರೆದಿದೀಯ, ಮರೆತುಬಿಟ್ಯಾ?"

"ಸರ್, ಬರೆದಿರೋದು ನಾನೇ. ನಮ್ಮ ಗ್ರೂಪಲ್ಲಿ ನಾಲ್ಕೂ ಜನದ್ದೂ ನಾನೇ ಬರೆದಿದೀನಿ. ಆದ್ರೆ ಇಡೀ ಸೆಮ್ ನಾನು ಹಿಡ್ದಿದ್ದು ಅಳತೆ ನೋಡೋ ವರ್ನಿಯರ್ ಮಾತ್ರ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು ಅಷ್ಟೆ.

ಆ ಗ್ರೂಪುಗಳನ್ನು ಮಾಡಿದವನು ನಾನು. ಅರವತ್ತು ಚಿಲ್ಲರೆ ಹುಡುಗರ ಮೆಕ್ಯಾನಿಕಲ್ ಕ್ಲಾಸಿನಲ್ಲಿ ಆ ವರ್ಷ ಐದು ಹುಡುಗಿಯರು. ಒಂದು ಲೇತಿಗೆ ನಾಲ್ಕು ಜನ. ಐದೂ ಜನ ಒಂದೇ ಕಡೆ ಗುಂಪು ಕಟ್ಟಿಕೊಂಡರೆ ಚೆನ್ನಾಗಿರಲ್ಲ, ಎಲ್ಲರ ಜೊತೆ ಬೆರೆಯಲಿ ಅಂತ ಒಂದೊಂದು ಗ್ರೂಪಿಗೆ ಒಬ್ಬೊಬ್ಬಳನ್ನು ಹಾಕಿದ್ದೆ. ಸಮಾನತೆ ಅಂದರೆ ಇದೇ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಸ್ವಲ್ಪ ಬೀಗಿಯೂ ಇದ್ದೆ. ಮೂರು ಹುಡುಗರ ಮಧ್ಯೆ ಒಬ್ಬ ಹುಡುಗಿ ಇದ್ದರೆ ಏನಾಗುತ್ತದೆ ಅಂತ ಹದಿನಾರು ವಾರ ಅದೇ ಲ್ಯಾಬಿನಲ್ಲಿ ಓಡಾಡಿಕೊಂಡಿದ್ದ ನನಗೆ ಕಾಣಲಿಲ್ಲ. ಕಂಡರೂ ಅದು ತಪ್ಪು ಅನ್ನಿಸಿರಲಿಲ್ಲ. ಹುಡುಗರು ಅವಳಿಗೇನೂ ಕೆಟ್ಟದು ಮಾಡಿರಲಿಲ್ಲ. "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ" ಅಂದಿದ್ದರು. ಹೊಗಳಿಕೆ ತಾನೇ ಅದು?

ತಾಂತ್ರಿಕ ಶಿಕ್ಷಣದಲ್ಲಿ ಹೆಣ್ಣು ಗಂಡು ಸಮಾನ ಅವಕಾಶ ಅಂತ ಯಾರಾದರೂ ಭಾಷಣಕ್ಕೆ ಎದ್ದು ನಿಂತರೆ ನನಗೆ ಈಗಲೂ ಆ ಕೆಂಪು ಅಡಿಗೆರೆ ನೆನಪಾಗುತ್ತದೆ.

ನಮ್ಮದು ವಿಟಿಯು ಕೆಳಗಿನ ಕಾಲೇಜು. ಬೆಳಗಾವಿಯಲ್ಲಿ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾದ ಮೇಲೆ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಸಿಲಬಸ್, ಒಂದೇ ಪ್ರಶ್ನೆಪತ್ರಿಕೆ, ಒಂದೇ ಅಂಕಪಟ್ಟಿ ಬಂತು. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಸಮಾನತೆ ಇನ್ನೇನು ಬೇಕು? ಉತ್ತರ ಪತ್ರಿಕೆಯ ಮೇಲೆ ಹೆಸರಿನ ಬದಲು ಯುಎಸ್‌ಎನ್ ನಂಬರ್ ಇರುತ್ತದೆ, ಹುಡುಗನೋ ಹುಡುಗಿಯೋ ಯಾರಿಗೂ ಗೊತ್ತಾಗುವುದಿಲ್ಲ. ರ‍್ಯಾಂಕ್ ಪಟ್ಟಿಯಲ್ಲಿ, ಚಿನ್ನದ ಪದಕದಲ್ಲಿ ಪ್ರತಿ ವರ್ಷ ಹುಡುಗಿಯರ ಹೆಸರು ಕಾಣುತ್ತದೆ. ಪೇಪರಿನವರು "ಹುಡುಗಿಯರದ್ದೇ ಮೇಲುಗೈ" ಅಂತ ಹೆಡ್ಡಿಂಗ್ ಕೊಡುತ್ತಾರೆ. ಮೇಲುಗೈ ಸರಿ, ಆ ಕೈಗೆ ಟೂಲ್ ಸಿಕ್ಕಿತ್ತಾ ಅಂತ ಯಾವ ಪೇಪರೂ ಕೇಳುವುದಿಲ್ಲ.

ಹಳೇ ಕತೆ ಸ್ವಲ್ಪ ನೋಡೋಣ. 1933ರಲ್ಲಿ ಕಮಲಾ ಸೊಹೊನಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಈಗಿನ ಐಐಎಸ್‌ಸಿಗೆ, ಅರ್ಜಿ ಹಾಕಿದರು. ಆಗ ಅವರು ಕಮಲಾ ಭಾಗವತ್. ಆಗಿನ ನಿರ್ದೇಶಕರು ಸಿ.ವಿ. ರಾಮನ್. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಬೇಡ ಅಂದರು. ಕಮಲಾ ಜಗ್ಗಲಿಲ್ಲ. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು: ಒಂದು ವರ್ಷ ಪ್ರೊಬೇಷನ್, ಗಂಡಸರ ಗಮನ ಕೆಡಿಸುವ ಹಾಗಿಲ್ಲ. ಆ ಹೆಣ್ಣುಮಗಳು 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ತಗೊಂಡು ಬಂದರು. ಕಮಲಾ ಅರ್ಜಿ ಹಾಕಿ ಹತ್ತು ವರ್ಷದ ನಂತರ, 1943ರಲ್ಲಿ, ಅದೇ ಇನ್‌ಸ್ಟಿಟ್ಯೂಟಿನ ಎಲೆಕ್ಟ್ರಿಕಲ್ ವಿಭಾಗಕ್ಕೆ ನಮ್ಮ ರಾಜೇಶ್ವರಿ ಚಟರ್ಜಿ ಸೇರಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸೀಮೆಯ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ರಾಜೇಶ್ವರಿ ಅಮೆರಿಕದ ಮಿಶಿಗನ್‌ನಲ್ಲಿ ಓದಿ, 1953ರಲ್ಲಿ ಡಾಕ್ಟರೇಟ್ ಪಡೆದು ಬಂದು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಮಾಡಿದರು. ಮೈಕ್ರೋವೇವ್ ಎಂಜಿನಿಯರಿಂಗ್ ಅನ್ನುವ ವಿಷಯವನ್ನು ಇಲ್ಲಿ ಬೆಳೆಸಿದವರಲ್ಲಿ ಅವರೂ ಅವರ ಗಂಡನೂ ಮೊದಲಿಗರು. ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ಹುಡುಗರನ್ನು ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನಕ್ಕೆ ಅವರ ಹೆಸರೇ ಗೊತ್ತಿಲ್ಲ.

ಮದ್ರಾಸಿನ ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನ ಕತೆ ನನಗೆ ಇನ್ನೂ ಇಷ್ಟ. ಎ. ಲಲಿತಾ. ಹದಿನೈದಕ್ಕೆ ಮದುವೆ, ಹದಿನೆಂಟಕ್ಕೆ ಗಂಡ ತೀರಿಕೊಂಡರು, ಕೈಯಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು. ಅವರ ತಂದೆ ಅದೇ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರ್. ಮಗಳನ್ನು ಎಲೆಕ್ಟ್ರಿಕಲ್ಲಿಗೇ ಸೇರಿಸಿದರು. ಇಡೀ ಕಾಲೇಜಿಗೆ ಒಬ್ಬಳೇ ಹುಡುಗಿ. ಒಂಟಿ ಆಗುತ್ತಾಳೆ ಅಂತ ಆಮೇಲೆ ಇನ್ನಿಬ್ಬರನ್ನು ಸಿವಿಲ್ಲಿಗೆ ಸೇರಿಸಿಕೊಂಡರು: ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸ್ಯಾ. ಲಲಿತಾ ಅವರ ಪದವಿ ಪತ್ರದಲ್ಲಿ 'ಅವನು' ಅಂತಲೇ ಅಚ್ಚಾಗಿತ್ತಂತೆ. ಅದನ್ನು ಹೊಡೆದು ಕೈಯಲ್ಲಿ 'ಅವಳು' ಅಂತ ತಿದ್ದಿ ಕೊಟ್ಟರು. ಮುಂದೆ ಅವರು ಕಲ್ಕತ್ತೆಯಲ್ಲಿದ್ದ ಒಂದು ಕಂಪನಿಯಲ್ಲಿ ಭಾಕ್ರಾ ನಂಗಲ್ ಕಟ್ಟೆಯ ವಿದ್ಯುತ್ ಕೆಲಸಕ್ಕೆ ಕೈ ಹಾಕಿದರು. ತ್ರೇಸ್ಯಾ ಕೇರಳದ ಲೋಕೋಪಯೋಗಿ ಇಲಾಖೆಯ ಚೀಫ್ ಎಂಜಿನಿಯರ್ ಆದರು.

ಈ ಕತೆಯಲ್ಲಿ ನನ್ನ ಕಣ್ಣು ನಿಲ್ಲುವುದು ಆ 'ಇನ್ನಿಬ್ಬರು' ಅನ್ನುವ ಕಡೆ. ಒಬ್ಬಳೇ ಇದ್ದರೆ ಕಷ್ಟ ಅಂತ 1940ರ ದಶಕದ ಪ್ರಿನ್ಸಿಪಾಲರಿಗೆ ಹೊಳೆದಿತ್ತು. ಲೇತಿಗೊಬ್ಬಳಂತೆ ಹಂಚಿ ಕೂತ ನನಗೆ ಹೊಳೆದಿರಲಿಲ್ಲ.

ಹುಬ್ಬಳ್ಳಿಯ ಬಿವಿಬಿ ಕಾಲೇಜಿಗೆ ಸುಧಾ ಮೂರ್ತಿ ಸೇರಿದ ಕತೆ ಕರ್ನಾಟಕದಲ್ಲಿ ಎಲ್ಲರಿಗೂ ಬಾಯಿಪಾಠ. 1968, ಕ್ಲಾಸಿಗೆ ಒಬ್ಬರೇ ಹುಡುಗಿ. ಸೀರೆ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು ಅನ್ನುವ ಷರತ್ತು. ಆಮೇಲೆ 1974ರಲ್ಲಿ 'ಮಹಿಳೆಯರು ಅರ್ಜಿ ಹಾಕಬೇಕಿಲ್ಲ' ಅಂತಿದ್ದ ಟೆಲ್ಕೋ ಜಾಹೀರಾತು, ಜೆ.ಆರ್.ಡಿ. ಟಾಟಾಗೆ ಬರೆದ ಪೋಸ್ಟ್ ಕಾರ್ಡ್. ಆ ಪೋಸ್ಟ್ ಕಾರ್ಡನ್ನು ಎಲ್ಲರೂ ಹೇಳುತ್ತಾರೆ, ಸಿನಿಮಾ ಸೀನಿನ ಹಾಗಿದೆ ಅಲ್ವಾ. ಆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಇರಲಿಲ್ಲ ಅಂತಲೂ ಅವರೇ ಎಷ್ಟೋ ಸಲ ಹೇಳಿದ್ದಾರೆ. ಅದನ್ನು ಮಾತ್ರ ಯಾರೂ ಜಾಸ್ತಿ ಎತ್ತುವುದಿಲ್ಲ. ನಮ್ಮ ವರ್ಕ್‌ಶಾಪ್ ಕಟ್ಟಡದಲ್ಲಿ ಲೇಡೀಸ್ ಟಾಯ್ಲೆಟ್ ಬಂದದ್ದು ನಾನು ಕೆಲಸಕ್ಕೆ ಸೇರಿ ಎಂಟು ವರ್ಷದ ಮೇಲೆ. ಅಲ್ಲಿಯವರೆಗೆ ಹುಡುಗಿಯರು ಮೇನ್ ಬ್ಲಾಕಿಗೆ ನಡೆದು ಹೋಗಬೇಕಿತ್ತು. ಹೋಗಿ ಬರಲು ಕಾಲು ಗಂಟೆ. ಅಷ್ಟರಲ್ಲಿ ಲೇತ್ ಇನ್ನೊಬ್ಬನ ಕೈಗೆ ಹೋಗಿರುತ್ತಿತ್ತು.

ಈಗ ಸೀಟಿನ ವಿಷಯ. ಐಐಟಿಗಳಲ್ಲಿ ಬಿ.ಟೆಕ್ ಸೇರುವವರಲ್ಲಿ ಒಂದು ಕಾಲಕ್ಕೆ ಹತ್ತರಲ್ಲಿ ಒಬ್ಬಳು ಹುಡುಗಿಯೂ ಇರುತ್ತಿರಲಿಲ್ಲ. 2018ರಲ್ಲಿ ಹುಡುಗಿಯರಿಗೆ ಅಂತ ಹೆಚ್ಚುವರಿ ಸೀಟುಗಳನ್ನು ಶುರು ಮಾಡಿದರು. ಆ ವರ್ಷ ನೂರಕ್ಕೆ 14, ಮುಂದಿನ ವರ್ಷ 17, 2020ಕ್ಕೆ 20 ಅಂತ ಗುರಿ. ಇದರಲ್ಲಿ ಹೊಸದು ಏನೆಂದರೆ, ಹುಡುಗರ ಸೀಟು ಒಂದೂ ಕಿತ್ತುಕೊಳ್ಳಲಿಲ್ಲ. ಇದ್ದ ಸೀಟಿನ ಮೇಲೆ ಹೆಚ್ಚುವರಿ ಹಾಕಿದರು. ಜೆಇಇ ಅಡ್ವಾನ್ಸ್ಡ್ ಪಾಸಾಗಿ ರ‍್ಯಾಂಕ್ ಪಟ್ಟಿಯಲ್ಲಿ ಇಲ್ಲದವರಿಗೆ ಅದೂ ಸಿಗುವುದಿಲ್ಲ. ನಮ್ಮ ಧಾರವಾಡದ ಐಐಟಿಗೂ ಇದೇ ನಿಯಮ.

ನಮ್ಮ ಸ್ಟಾಫ್ ರೂಮಿನಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯಿತು. "ಮೆರಿಟ್ ಎಲ್ಲಿ ಉಳೀತು ಹೇಳಿ ಸಾರ್" ಅಂದರು ಒಬ್ಬರು. ಅವರ ಮಗ ಪಿಯುಸಿಗೆ ಮೊದಲೇ ಹೈದರಾಬಾದಿನ ಕೋಚಿಂಗ್ ಹಾಸ್ಟೆಲಿಗೆ ಹೋಗಿದ್ದ. ಮಗಳು ಮನೆ ಹತ್ತಿರದ ಪಿಯು ಕಾಲೇಜಿಗೆ, ಸಂಜೆ ಟ್ಯೂಷನ್, ಏಳಕ್ಕೆ ಮನೆ. ಮಗಳನ್ನು ಅಷ್ಟು ದೂರ ಕಳಿಸಲು ಮನಸ್ಸು ಬರಲಿಲ್ಲ ಅಂತ ಅವರೇ ಒಂದು ಸಲ ಊಟದ ಹೊತ್ತಿನಲ್ಲಿ ಹೇಳಿದ್ದರು. ನಾನು ಆ ಮಾತು ನೆನಪಿಸಲಿಲ್ಲ. ಜಗಳದಲ್ಲಿ ಗೆಲ್ಲಬಹುದಿತ್ತು, ನಾಳೆ ಅವರ ಮುಖ ನೋಡಬೇಕಲ್ಲ.

ಅಂಥ ಸೀಟಿನಲ್ಲಿ ಹೋದ ಹುಡುಗಿಗೆ ಬೀಳುವ ಏಟು ಬೇರೆ. ನನ್ನ ಹಳೇ ವಿದ್ಯಾರ್ಥಿಯೊಬ್ಬನ ತಂಗಿಗೆ ಹಾಗೆ ಸೀಟು ಸಿಕ್ಕಿತು. ಮೊದಲನೇ ವಾರವೇ ಒಬ್ಬ "ನೀನು ಗರ್ಲ್ಸ್ ಪೂಲಾ?" ಅಂತ ಕೇಳಿದನಂತೆ. ಅವಳು ನಾಲ್ಕು ವರ್ಷ ತನ್ನ ರ‍್ಯಾಂಕ್ ಯಾರಿಗೂ ಹೇಳಲಿಲ್ಲ. ಬಾಗಿಲು ತೆರೆದವರು ಒಳಗಿದ್ದವರಿಗೆ ಯಾಕೆ ತೆರೆದೆವು ಅಂತ ಸರಿಯಾಗಿ ಹೇಳದಿದ್ದರೆ ಹೊಸಬರಿಗೆ ಹೀಗೆ ಆಗುತ್ತದೆ.

ನಮ್ಮ ಕಡೆ ಸಿಇಟಿಯಲ್ಲಿ ತೊಂದರೆ ಬೇರೆ ತರ. ಕಂಪ್ಯೂಟರ್ ಸೈನ್ಸ್ ಕ್ಲಾಸಿಗೆ ಹೋದರೆ ಅರ್ಧ ಬೆಂಚು ಹುಡುಗಿಯರದ್ದೇ. ಮೆಕ್ಯಾನಿಕಲ್ಲಿಗೆ ಬಂದರೆ ಬೆರಳಲ್ಲಿ ಎಣಿಸಬಹುದು. ಹೀಗೆ ಬೇರೆ ಬೇರೆ ಆಗುವುದು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಹಾಕುವ ಆಪ್ಷನ್ ಎಂಟ್ರಿ ದಿನ. ನಾನು ಎರಡು ಮೂರು ವರ್ಷ ನಮ್ಮ ಕಾಲೇಜಿನ ಹೆಲ್ಪ್ ಡೆಸ್ಕಿನಲ್ಲಿ ಕೂತಿದ್ದೆ. ಅಪ್ಪ, ಮಗಳು, ಜೊತೆಗೆ ಎಲ್ಲ ತಿಳಿದ ಒಬ್ಬ ಮಾವ. ಮಗಳು ಮೆಲ್ಲಗೆ "ಮೆಕ್ಯಾನಿಕಲ್ ಫಸ್ಟ್ ಹಾಕಣಾ" ಅಂದಳು.

ಮಾವ ನಕ್ಕರು. "ಮೆಕ್ಯಾನಿಕಲ್ ಓದಿ ಗ್ಯಾರೇಜ್ ಇಡ್ತಾಳೇನ್ ಸಾರ್?"

ಅಪ್ಪ ನಗಲಿಲ್ಲ, ನನ್ನ ಕಡೆ ತಿರುಗಿದರು. "ಸಾರ್, ನೀವೇ ಹೇಳಿ. ಇದನ್ನ ಓದಿದ್ರೆ ಹುಡುಗೀಗೆ ಕೆಲಸ ಕೊಡ್ತಾರಾ?"

ಇಂಥ ಪ್ರಶ್ನೆಗೆ "ಯಾಕೆ ಕೊಡಲ್ಲ, ಸಮಾನ ಅವಕಾಶ ಇದೆ" ಅಂದುಬಿಡುವುದು ಸುಲಭ. ನನಗೆ ನಾಲಿಗೆ ಹೊರಳಲಿಲ್ಲ. ಯಾಕೆಂದರೆ ಹಿಂದಿನ ವಾರವಷ್ಟೇ ನಮ್ಮ ಪ್ಲೇಸ್‌ಮೆಂಟ್ ಸೆಲ್ಲಿಗೆ ಒಂದು ಮೇಲ್ ಬಂದಿತ್ತು: ಪ್ಲಾಂಟ್ ಪೋಸ್ಟಿಂಗ್, ಶಿಫ್ಟ್ ಕೆಲಸ, ಹುಡುಗರು ಮಾತ್ರ. ನೇಮಕಾತಿಯಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಆದರೆ 1948ರ ಫ್ಯಾಕ್ಟರಿ ಕಾಯ್ದೆ ಹೆಂಗಸರು ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ಕಾರ್ಖಾನೆಯಲ್ಲಿ ಕೆಲಸ ಮಾಡಬಾರದು ಅಂದಿತ್ತು. ಕಂಪನಿಯವರಿಗೆ ಅದು ಒಳ್ಳೇ ನೆಪ. "ಶಿಫ್ಟ್ ಹಾಕಕ್ಕಾಗಲ್ಲ ಸಾರ್, ಲಾ ಇದೆ" ಅನ್ನುತ್ತಿದ್ದರು. ಕರ್ನಾಟಕ 2019ರಲ್ಲಿ ಕಾರ್ಖಾನೆಗಳಲ್ಲಿ ಹೆಂಗಸರ ರಾತ್ರಿ ಪಾಳಿಗೆ ಷರತ್ತುಗಳ ಮೇಲೆ ಒಪ್ಪಿಗೆ ಕೊಟ್ಟಿತು. ಆಮೇಲೂ ಮೇಲ್‌ಗಳು ಬರುತ್ತಿದ್ದವು, ಪದ ಮಾತ್ರ ಬದಲಾಗಿತ್ತು. 'ಹುಡುಗರು ಮಾತ್ರ' ಹೋಗಿ 'ಹುಡುಗರಿಗೆ ಆದ್ಯತೆ' ಬಂತು.

ಆ ದಿನ ಅಪ್ಪನಿಗೆ ನಾನು ಇದ್ದದ್ದನ್ನೇ ಹೇಳಿದೆ. ಕೆಲವರು ಕೊಡ್ತಾರೆ, ಕೆಲವರು ಕೊಡಲ್ಲ, ಡಿಸೈನ್ ಕಡೆ ಹೋದರೆ ಸ್ವಲ್ಪ ಸುಲಭ ಅಂತ. ಮಗಳು ಮೆಕ್ಯಾನಿಕಲ್ಲನ್ನು ಮೂರನೇ ಆಪ್ಷನ್ ಹಾಕಿದಳು. ಅದು ಸಿಗಲಿಲ್ಲ, ಅಂದರೆ ಮೊದಲನೆಯದೇ ಸಿಕ್ಕಿತು. ಈಗ ಬೆಂಗಳೂರಿನಲ್ಲಿ ಎಲ್ಲೋ ಸಾಫ್ಟ್‌ವೇರಿನಲ್ಲಿ ಇರಬೇಕು. ಚೆನ್ನಾಗೇ ಇರಬಹುದು. ನಾನು ಆ ದಿನ ಸುಳ್ಳು ಹೇಳಬೇಕಿತ್ತಾ ಅಂತ ಕೆಲವೊಮ್ಮೆ ಅನ್ನಿಸುತ್ತದೆ.

ಇನ್ನು ಹಾಸ್ಟೆಲ್ ಗೇಟು. ಇದನ್ನು ಬರೆಯದಿದ್ದರೆ ನಮ್ಮ ಹುಡುಗಿಯರು ನನ್ನನ್ನು ಬಿಡುವುದಿಲ್ಲ.

ಬಾಜಾ ಅಂತ ಒಂದು ಸ್ಪರ್ಧೆ ಇದೆ. ಕಾಲೇಜು ಹುಡುಗರೇ ಸೇರಿ ಗುಡ್ಡಗಾಡಿನಲ್ಲಿ ಓಡುವ ಒಂಟಿ ಸೀಟಿನ ಗಾಡಿ ಕಟ್ಟುತ್ತಾರೆ. ಇಂದೋರಿನ ಹತ್ತಿರದ ಪೀತಂಪುರಕ್ಕೆ ಹೊತ್ತುಕೊಂಡು ಹೋಗಿ ಓಡಿಸುತ್ತಾರೆ. 2007ರಿಂದ ನಡೆಯುತ್ತಿದೆ. ಮೆಕ್ಯಾನಿಕಲ್ ಹುಡುಗರಿಗೆ ಇದು ಜಾತ್ರೆ ಇದ್ದ ಹಾಗೆ. ನಾನು ನಮ್ಮ ಟೀಮಿನ ಫ್ಯಾಕಲ್ಟಿ ಅಡ್ವೈಸರ್ ಆದ ವರ್ಷ ಇಪ್ಪತ್ತೈದು ಜನರ ಟೀಮು, ಅದರಲ್ಲಿ ನಾಲ್ಕು ಹುಡುಗಿಯರು. ಕೆಲಸದ ಪಟ್ಟಿ ತಂದು ತೋರಿಸಿದರು. ಸಸ್ಪೆನ್ಷನ್, ಬ್ರೇಕು, ಸ್ಟೀರಿಂಗು, ರೋಲ್ ಕೇಜು, ಟ್ರಾನ್ಸ್‌ಮಿಷನ್ ಎಲ್ಲ ಹುಡುಗರು. ಕಾಸ್ಟ್ ರಿಪೋರ್ಟ್, ಸ್ಪಾನ್ಸರ್‌ಶಿಪ್ ಪತ್ರ, ಪ್ರೆಸೆಂಟೇಷನ್ ಸ್ಲೈಡು ಹುಡುಗಿಯರು.

ಮತ್ತೆ ಅದೇ ರೆಕಾರ್ಡು.

ಕ್ಯಾಪ್ಟನ್ನನ್ನು ಕೇಳಿದೆ. "ಸರ್, ನಾವು ಬೇಕೂಂತ ಹಂಗ್ ಮಾಡಿಲ್ಲ. ನಮ್ ಕೆಲಸ ಶುರುವಾಗೋದೇ ರಾತ್ರಿ ಎಂಟರ ಮೇಲೆ. ಅವ್ರ ಹಾಸ್ಟೆಲ್ ಗೇಟ್ ಏಳೂವರೆಗೆ ಹಾಕ್ತಾರೆ. ಲ್ಯಾಪ್‌ಟಾಪ್ ಕೆಲಸ ಆದ್ರೆ ರೂಮಲ್ಲೇ ಮಾಡ್ಬಹುದಲ್ಲ."

ಅವನ ಮಾತು ನೂರಕ್ಕೆ ನೂರು ನಿಜ. ಯಾರೂ ಯಾರನ್ನೂ ತಡೆದಿರಲಿಲ್ಲ. ಒಂದು ಗೇಟು, ಒಂದು ಬೀಗ, ಏಳೂವರೆ ಅನ್ನುವ ಒಂದು ಟೈಮು, ಅಷ್ಟರಲ್ಲೇ ಯಾರು ವೆಲ್ಡಿಂಗ್ ಕಲಿಯಬೇಕು, ಯಾರು ಸ್ಲೈಡ್ ಮಾಡಬೇಕು ಅಂತ ತೀರ್ಮಾನ ಆಗಿತ್ತು. ಹುಡುಗರ ಹಾಸ್ಟೆಲಿಗೂ ಗೇಟ್ ಟೈಮ್ ಇತ್ತು, ಹತ್ತು ಗಂಟೆ ಅಂತ ಬೋರ್ಡೂ ಇತ್ತು. ಅದು ಬೋರ್ಡು ಅಷ್ಟೇ.

ವಾರ್ಡನ್ ಹತ್ತಿರ ಹೋದೆ. "ನಾಳೆ ಏನಾದ್ರೂ ಆದ್ರೆ ಪೇರೆಂಟ್ಸ್ ನನ್ನ ಕೇಳ್ತಾರೆ, ನಿಮ್ಮನ್ನಲ್ಲ" ಅಂದರು ಮೇಡಂ. ಅವರದ್ದೂ ತಪ್ಪಿಲ್ಲ. ಸುರಕ್ಷತೆಯ ಹೆಸರು ಹೇಳಿ ಹುಡುಗಿಯರ ಹಾಸ್ಟೆಲಿಗೆ ಮಾತ್ರ ಬೇರೆ ನಿಯಮ ಹಾಕಬಾರದು ಅಂತ ಯುಜಿಸಿಯ 2015ರ ನಿಯಮದಲ್ಲೇ ಇದೆ. ಲೈಂಗಿಕ ಕಿರುಕುಳ ತಡೆಯುವ ಬಗ್ಗೆ ಮಾಡಿದ ನಿಯಮ ಅದು. ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಮೇಡಂ ಓದಿದರು, ಮಡಿಸಿ ಡ್ರಾಯರಿನಲ್ಲಿ ಇಟ್ಟರು, "ಪ್ರಿನ್ಸಿಪಾಲರು ಸೈನ್ ಮಾಡ್ಲಿ, ನಾನು ಗೇಟ್ ತೆಗೀತೀನಿ" ಅಂದರು. ಪ್ರಿನ್ಸಿಪಾಲರು ಮ್ಯಾನೇಜ್‌ಮೆಂಟ್ ಕಡೆ ಬೆರಳು ತೋರಿಸಿದರು. ಅಲ್ಲಿಗೆ ಆ ವರ್ಷದ ಕತೆ ಮುಗಿಯಿತು.

ಗೇಟಿನ ಟೈಮು ಬದಲಾಗದಿದ್ದರೆ ಕೆಲಸದ ಟೈಮು ಬದಲಾಯಿಸೋಣ ಅಂತ ವರ್ಕ್‌ಶಾಪನ್ನು ಬೆಳಿಗ್ಗೆ ಆರಕ್ಕೆ ತೆಗೆಸಿದೆ. ಆರರಿಂದ ಎಂಟೂವರೆ, ಸಂಜೆ ನಾಲ್ಕೂವರೆಯಿಂದ ಏಳು. ರಾತ್ರಿ ಕೆಲಸ ಬಂದ್. ಹುಡುಗರು ನನಗೆ ಎಷ್ಟು ಶಾಪ ಹಾಕಿದರೋ. ಮೊದಲ ಹದಿನೈದು ದಿನ ಆರು ಗಂಟೆಗೆ ಬಂದವರು ಹುಡುಗಿಯರು ನಾಲ್ಕು ಜನ, ನಾನು, ಮತ್ತು ಕಾವಲುಗಾರ. ಬೇರೆ ಯಾರೂ ಇಲ್ಲದ್ದರಿಂದ ವೆಲ್ಡಿಂಗ್ ಗನ್ ಅವರ ಕೈಗೇ ಬಂತು. ಮೊದಲು ಎಳೆದ ವೆಲ್ಡ್ ಗೆರೆಗಳು ನೋಡಲಾಗದ ಹಾಗಿದ್ದವು, ಮೇಣದ ಬತ್ತಿ ಕರಗಿ ಬಿದ್ದ ಹಾಗೆ. ಒಬ್ಬಳು ಬಿಡಲಿಲ್ಲ. ತುಂಡು ಪೈಪುಗಳ ಮೇಲೆ ದಿನಾ ಎಳೆದಳು, ಮುರಿದು ನೋಡಿದಳು, ಮತ್ತೆ ಎಳೆದಳು. ಕೊನೆಗೆ ರೋಲ್ ಕೇಜಿನ, ಅಂದರೆ ಗಾಡಿಯ ಪೈಪಿನ ಗೂಡಿನ, ಒಂದು ಬದಿ ಪೂರ್ತಿ ಅವಳದ್ದೇ.

ಇಲ್ಲಿಗೆ ಗಾಡಿ ಗೆದ್ದಿತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಗೆಲ್ಲಲಿಲ್ಲ. ಎಂಡ್ಯೂರೆನ್ಸ್ ರೇಸಿನಲ್ಲಿ ಅರ್ಧ ದಾರಿಗೆ ಡ್ರೈವ್ ಶಾಫ್ಟ್ ಮುರಿಯಿತು. ವೆಲ್ಡ್ ಮಾತ್ರ ಒಂದೂ ಬಿಟ್ಟಿರಲಿಲ್ಲ.

ಪಾಠ ಮಾಡುವವರ ಕತೆಯೂ ಬೇರೆ ಅಲ್ಲ. ಎನ್‌ಬಿಎ (ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ತಂಡ ಬರುತ್ತದೆ ಅಂದರೆ ಕಾಲೇಜಿನಲ್ಲಿ ಮದುವೆ ಮನೆ ಗಲಾಟೆ. ಸಮಿತಿಗಳ ಪಟ್ಟಿ ಬರುತ್ತದೆ. ನಮ್ಮ ವಿಭಾಗದಲ್ಲಿ ವೈಬ್ರೇಷನ್ ವಿಷಯದಲ್ಲಿ ಡಾಕ್ಟರೇಟ್ ಮಾಡಿದ ಮೇಡಂ ಒಬ್ಬರಿದ್ದಾರೆ. ಸತತ ಮೂರು ಸಲ ಅವರ ಹೆಸರು ಸ್ವಾಗತ ಸಮಿತಿಯಲ್ಲಿ. ಬೊಕೆ, ಆರತಿ ತಟ್ಟೆ, ರಂಗೋಲಿ. ಮೂರನೇ ಸಲ ಅವರು ಸಭೆಯಲ್ಲಿ ಎದ್ದು, "ಸರ್, ನನಗೆ ರಂಗೋಲಿ ಹಾಕಕ್ಕೆ ಬರಲ್ಲ. ನಮ್ಮನೇಲಿ ನಮ್ಮ ಯಜಮಾನ್ರೇ ಹಾಕೋದು. ಅವರನ್ನ ಬೇಕಾದ್ರೆ ಕಳಿಸ್ತೀನಿ" ಅಂದರು. ಎಲ್ಲರೂ ನಕ್ಕರು. ಆ ಸಲ ಅವರನ್ನು ಲ್ಯಾಬ್ ತೋರಿಸುವ ಕೆಲಸಕ್ಕೆ ಹಾಕಿದರು. ಸ್ವಾಗತ ಸಮಿತಿಗೆ ಇನ್ನೊಬ್ಬ ಮೇಡಂ ಬಂದರು.

ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಇರಲೇಬೇಕಾದ ಆಂತರಿಕ ಸಮಿತಿ ನಮ್ಮಲ್ಲೂ ಇದೆ. ಹಿರಿಯ ಮಹಿಳೆ ಅಧ್ಯಕ್ಷರು, ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಮಹಿಳಾ ಸದಸ್ಯರು, ಹೊರಗಿನ ಒಬ್ಬರು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು, ಎಲ್ಲ ಸರಿ. ಅದರ ಬೋರ್ಡಿನಲ್ಲಿದ್ದ ಫೋನ್ ನಂಬರು ರಿಟೈರ್ ಆಗಿ ಎರಡು ವರ್ಷ ಆಗಿದ್ದವರದ್ದು. ಒಬ್ಬ ವಿದ್ಯಾರ್ಥಿನಿ ಹೇಳಿದ ಮೇಲೆ ಬದಲಾಯಿಸಿದರು. ಆ ನಂಬರು ಸರಿ ಇಲ್ಲ ಅಂತ ಅವಳಿಗೆ ಹೇಗೆ ಗೊತ್ತಾಯಿತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸರ್ಕಾರದ ಕೆಲವು ಯೋಜನೆಗಳು ನಿಜವಾಗಿ ಕೆಲಸ ಮಾಡಿದ್ದನ್ನು ನೋಡಿದ್ದೇನೆ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ಪಿನಲ್ಲಿ ವರ್ಷಕ್ಕೆ 50,000 ರೂಪಾಯಿ ಬರುತ್ತದೆ, ಮನೆಯ ಆದಾಯ 8 ಲಕ್ಷದ ಒಳಗಿದ್ದರೆ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಎರಡನೇ ಮಗಳನ್ನೂ ಓದಿಸಿದ ಮನೆಗಳು ನನಗೆ ಗೊತ್ತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ಧರ್ಮಸ್ಥಳದ ಬಸ್ಸಿನ ರಶ್ಶಿನ ಬಗ್ಗೆ ಮಾತಾಡಿದರು. ನಾನು ನೋಡಿದ್ದು ಬೇರೆ. ಮೂವತ್ತು ಕಿಲೋಮೀಟರ್ ದೂರದಿಂದ ಬರುವ ಇಬ್ಬರು ಹುಡುಗಿಯರು ಇದ್ದರು. ಮೊದಲು ನಾಲ್ಕೂಕಾಲಿನ ಖಾಸಗಿ ಬಸ್ಸಿಗೆ ಪಾಸ್ ಮಾಡಿಸಿದ್ದರು, ಅದು ತಪ್ಪಿದರೆ ಕೈಯಿಂದ ದುಡ್ಡು. ಆಮೇಲೆ ಆರರ ಕೆಂಪು ಬಸ್ಸಿಗೆ ಹೋಗತೊಡಗಿದರು. ದಿನಕ್ಕೆ ಒಂದೂಮುಕ್ಕಾಲು ಗಂಟೆ ಲ್ಯಾಬು ಜಾಸ್ತಿ ಸಿಕ್ಕಿತು. ಯೋಜನೆ ಮಾಡಿದವರ ತಲೆಯಲ್ಲಿ ಲ್ಯಾಬು ಇತ್ತೋ ಇಲ್ಲವೋ.

ಮಷೀನ್ ಶಾಪಿಗೆ ವಾಪಸ್ ಬರುತ್ತೇನೆ. ಆ ಪರೀಕ್ಷೆಯ ಮುಂದಿನ ವರ್ಷದಿಂದ ನಾನು ಎರಡು ಬದಲಾವಣೆ ಮಾಡಿದೆ. ಒಂದು, ಹುಡುಗಿಯರನ್ನು ಒಬ್ಬೊಬ್ಬರಾಗಿ ಹಂಚುವುದನ್ನು ಬಿಟ್ಟೆ. ಕನಿಷ್ಠ ಇಬ್ಬರು ಒಂದು ಲೇತಿಗೆ. ಇನ್ನೊಂದು, ಪ್ರತಿ ಲೇತಿಗೂ ಒಂದು ರಟ್ಟು ನೇತುಹಾಕಿದೆ. ಓಡಿಸುವವರು, ಅಳೆಯುವವರು, ಬರೆಯುವವರು, ಟೂಲ್ ತರುವವರು. ಪ್ರತಿ ವಾರ ಹೆಸರು ಕೆಳಗೆ ಜಾರುತ್ತದೆ.

ಶುರುವಿನಲ್ಲಿ ಕೈಕೊಟ್ಟಿದ್ದು 'ಸಹಾಯ'. ಹುಡುಗಿ ಟೂಲ್ ಸೆಟ್ ಮಾಡಲು ಎರಡು ನಿಮಿಷ ಜಾಸ್ತಿ ತೆಗೆದುಕೊಂಡರೆ ಸಾಕು, ಪಕ್ಕದವನು "ಕೊಡಿಲ್ಲಿ" ಅಂತ ಸ್ಪ್ಯಾನರ್ ಇಸಿದುಕೊಳ್ಳುತ್ತಿದ್ದ. ನಮ್ಮ ಇನ್‌ಸ್ಟ್ರಕ್ಟರೂ ಅಷ್ಟೇ, "ಬಿಡಮ್ಮಾ, ಚಿಪ್ಸ್ ಹಾರುತ್ತೆ" ಅನ್ನುತ್ತಿದ್ದರು. ಆ ಮನುಷ್ಯನ ಮನಸ್ಸು ಬಂಗಾರ, ಅದೇ ತೊಂದರೆ. ಕೊನೆಗೆ ಒಂದು ನಿಯಮ ಮಾಡಿದೆ: ಹೇಳಿಕೊಡುವವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಹೇಳಬೇಕು. ಇನ್‌ಸ್ಟ್ರಕ್ಟರಿಗೂ ಇದೇ. ನನಗೂ ಇದೇ. ಕಷ್ಟ, ಬಹಳ ಕಷ್ಟ. ಕೈ ತಾನಾಗಿ ಮುಂದೆ ಬರುತ್ತದೆ. ಹುಡುಗರು ಬರೆದ ಅಬ್ಸರ್ವೇಶನ್ ಬುಕ್ಕಿನ ಅಕ್ಷರ ಓದುವುದು ಅದಕ್ಕಿಂತ ಕಷ್ಟ, ಆ ಮಾತು ಬೇರೆ.

ಏಪ್ರನ್ ಮತ್ತು ಶೂ ವಿಷಯ ನನಗೆ ಹೊಳೆದದ್ದು ಇನ್ನೂ ತಡವಾಗಿ. ತಿರುಗುವ ಮಷೀನಿನ ಹತ್ತಿರ ದುಪ್ಪಟ್ಟಾ, ಬಿಟ್ಟ ಕೂದಲು ನಿಜವಾಗಿಯೂ ಅಪಾಯ. ಸುಮ್ನೆ ಹೆದರಿಸುವ ಮಾತಲ್ಲ. ಆದರೆ ಅದಕ್ಕೆ ಸರಿಯಾದ ಏಪ್ರನ್ ಕೊಡಬೇಕೇ ಹೊರತು ದೂರ ನಿಲ್ಲಿಸಬಾರದು. ನಮ್ಮ ಸ್ಟೋರ್ಸಿನಲ್ಲಿದ್ದ ಖಾಕಿ ಏಪ್ರನ್ನುಗಳೆಲ್ಲ ಎಲ್ ಮತ್ತು ಎಕ್ಸ್ಎಲ್. ತೋಳು ಅಂಗೈ ದಾಟುತ್ತಿತ್ತು. ಲೇತಿನಲ್ಲಿ ಸಡಿಲ ತೋಳು ಅಂದರೆ ದುಪ್ಪಟ್ಟಾಗಿಂತ ಕೆಟ್ಟದ್ದು. ಸೇಫ್ಟಿ ಶೂ ಏಳರಿಂದ ಹತ್ತನೇ ನಂಬರ್‌ವರೆಗೆ. ಹುಡುಗಿಯರು ಮನೆಯ ಶೂನಲ್ಲೇ ಬರುತ್ತಿದ್ದರು. ನಾನು ಬೈಯುತ್ತಿದ್ದೆ.

ಹೋದ ವರ್ಷ ಇಂಡೆಂಟ್ ಬರೆಯುವಾಗ ನಾಲ್ಕು ಮತ್ತು ಐದನೇ ನಂಬರಿನ ಹನ್ನೆರಡು ಜೊತೆ ಶೂ ಸೇರಿಸಿದೆ. ಸ್ಟೋರ್ಸಿನವರು ಫೋನ್ ಮಾಡಿದರು. "ಸಾರ್, ಇದು ಮಕ್ಕಳ ಸೈಜು, ತಪ್ಪಾಗಿ ಬರೆದ್ರಾ?" ಇಲ್ಲ ಅಂದೆ. ಎರಡು ತಿಂಗಳು ಬಿಟ್ಟು ಬಂತು. ಡಬ್ಬ ಬಿಚ್ಚಿ ಲ್ಯಾಬಿನ ಬಾಗಿಲಲ್ಲಿ ಇಟ್ಟು, ಬೇಕಾದವರು ಸಹಿ ಮಾಡಿ ತಗೊಳ್ಳಿ ಅಂತ ಬರೆದು ಅಂಟಿಸಿದೆ.

ಸಂಜೆ ರಿಜಿಸ್ಟರ್ ನೋಡಿದರೆ ಹನ್ನೆರಡೂ ಖಾಲಿ. ಅದರಲ್ಲಿ ಮೂರು ಸಹಿ ಹುಡುಗರದ್ದು. ಒಬ್ಬನನ್ನು ಕರೆದು ಕೇಳಿದೆ. "ಸರ್, ನಂದೂ ಐದೇ ಸೈಜು" ಅಂದ. "ಇಷ್ಟು ದಿನ ಏಳನೇ ನಂಬರಿಗೆ ಮುಂದೆ ಪೇಪರ್ ತುರುಕ್ಕೊಂಡು ಹಾಕ್ಕೊಳ್ತಿದ್ದೆ. ಕೇಳಕ್ಕೆ ನಾಚಿಕೆ ಆಯ್ತು."